ಹಳೇ ಯಂತ್ರದಲ್ಲಿ ಹಿಂದಿನವರ ಕೈಗುರುತು

ತಮ್ಮಾ, ಮುಂಬಯಿಯ ವಿಕ್ರೋಳಿ ಪಾರ್ಕ್‌ಸೈಟಿನ ನಿನ್ನ ಗಾಲಾಕ್ಕೆ, ಅಂದರೆ ಕೆಲಸದ ಶೆಡ್ಡಿಗೆ, ಹಳೆಯದೊಂದು ವರ್ಕ್‌ಶಾಪ್ ವ್ಯಾಕ್ಯೂಮ್ ಕ್ಲೀನರ್ ತಂದೆ ಎಂದು ಕೇಳಿ ಖುಷಿಯಾಯಿತು. ಪ್ಲೈವುಡ್, ಎಂಡಿಎಫ್ ಕೊಯ್ಯುವ ಕಡೆ ಎಷ್ಟೋ ಹುಡುಗರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ವರ್ಷಗಟ್ಟಲೆ ದುಡಿಯುತ್ತಾರೆ. ಮರದ ಧೂಳು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿಯಾಗಿದೆ. ಹಾಗಾಗಿ ಈ ಖರ್ಚು ದಂಡವಲ್ಲ. ಆದರೆ ಫೋನಿನಲ್ಲಿ ನೀನು ಹೇಳಿದ ಮೂರು ವಿಷಯ ನನಗೆ ಸರಿ ಕಾಣಲಿಲ್ಲ. ಕಾಲು ಗಂಟೆ ಓಡಿ ತನ್ನಷ್ಟಕ್ಕೇ ನಿಲ್ಲುತ್ತದೆ. ಒಮ್ಮೊಮ್ಮೆ ಬೋರ್ಡಿನ ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್, ಬೀಳುತ್ತದೆ. ಪೈಪ್ ಹಿಡಿದ ಕೈಗೆ ಚುರುಕ್ಕೆನ್ನುತ್ತದೆ. ಮಾರಿದವನು ‘ಕಾರ್ಬನ್ ಬ್ರಶ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ’ ಅಂದನಂತೆ. ಇಲ್ಲ ಮಾರಾಯ, ಈ ಮೂರಕ್ಕೂ ಕಾರಣ ಬೇರೆ ಬೇರೆ ಇರುವ ಸಂಭವವೇ ಹೆಚ್ಚು. ಇಲ್ಲಿ ಹೇಳುವಷ್ಟನ್ನು ನೋಡಿ ಮುಗಿಸುವವರೆಗೆ ಅದರ ಪ್ಲಗ್ ಹಾಕಬೇಡ.

ದೊಡ್ಡ ಕಾರ್ಖಾನೆಗಳಲ್ಲಿ ಪ್ರತಿ ಯಂತ್ರಕ್ಕೂ ಒಂದು ಹಿಸ್ಟರಿ ಕಾರ್ಡ್ ಇರುತ್ತದೆ. ಯಾವ ದಿನ ಕೆಟ್ಟಿತು, ಯಾರು ಬಿಚ್ಚಿದರು, ಏನು ಬದಲಿಸಿದರು ಎಲ್ಲ ಅದರಲ್ಲಿ ಬರೆದಿರುತ್ತದೆ. ದೇಶದ ಮೊದಲ ಮಹಾಚುನಾವಣೆಗೆ ಲಕ್ಷಾಂತರ ಮತಪೆಟ್ಟಿಗೆಗಳನ್ನು ಗೋದ್ರೇಜ್ ಕಾರ್ಖಾನೆ ಮಾಡಿಕೊಟ್ಟದ್ದು ಇದೇ ವಿಕ್ರೋಳಿಯಲ್ಲಿ. ಇಂಥ ಊರಿನಲ್ಲಿ ಮೇಂಟೆನೆನ್ಸ್ ಕೆಲಸ ಕಲಿತವರಿಗೆ ಆ ಕಾರ್ಡ್ ಓದದೆ ಸ್ಕ್ರೂ ಬಿಚ್ಚುವ ಅಭ್ಯಾಸವೇ ಇರುವುದಿಲ್ಲ. ನಿನ್ನ ಯಂತ್ರಕ್ಕೆ ಕಾರ್ಡಿಲ್ಲ. ಅದು ರೇ ರೋಡಿನ ದಾರುಖಾನಾದಲ್ಲಿ ಒಡೆದ ಹಡಗಿನಿಂದ ಬಂದಿರಬಹುದು, ಎಲ್‌ಬಿಎಸ್ ಮಾರ್ಗದಲ್ಲಿ ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯ ಹರಾಜಿನಿಂದ ಬಂದಿರಬಹುದು, ಕುರ್ಲಾದ ಭಂಗಾರದ, ಅಂದರೆ ಗುಜರಿಯ, ರಾಶಿಯಿಂದಲೂ ಬಂದಿರಬಹುದು. ನಡುವೆ ಯಾರ್ಯಾರೋ ಬಿಚ್ಚಿರುತ್ತಾರೆ. ನನ್ನ ಅನುಭವದಲ್ಲಿ ಸೆಕೆಂಡ್‌ಹ್ಯಾಂಡ್ ಯಂತ್ರದ ದೊಡ್ಡ ಅಪಾಯ ಸವೆತದಿಂದ ಬರುವುದಕ್ಕಿಂತ ಹೆಚ್ಚಾಗಿ ಹಿಂದಿನ ರಿಪೇರಿಯಿಂದ ಬರುತ್ತದೆ. ಆದ್ದರಿಂದ ಮೋಟಾರ್ ಮುಟ್ಟುವ ಮೊದಲು ಆ ಕೈಗಳ ಗುರುತು ಹುಡುಕು. ತಲೆ ಸವೆದ ಸ್ಕ್ರೂ, ಒಂದು ಕಡೆ ಮಾತ್ರ ಬೇರೆ ಬಣ್ಣದ ತಂತಿ, ಹೆಣೆದು ಟೇಪ್ ಸುತ್ತಿದ ಜಾಯಿಂಟ್, ಫ್ಯೂಸ್ ಇರಬೇಕಾದಲ್ಲಿ ಒಂದೆಳೆ ತಾಮ್ರ, ಅರ್ಥ್ ಪಿನ್ ಕಿತ್ತ ಪ್ಲಗ್: ಒಂದೊಂದೂ ಹಿಂದೆ ಏನಾಗಿತ್ತು ಎಂಬುದನ್ನು ಹೇಳುತ್ತದೆ.

ಮೊದಲು ಮೈಮೇಲಿನ ರೇಟಿಂಗ್ ಪ್ಲೇಟ್ ಓದು. ಹಡಗಿನ ಮಾಲಿನಲ್ಲಿ, ಅಮೆರಿಕದಿಂದ ಬಂದ ಮಾಲಿನಲ್ಲಿ 110 ಅಥವಾ 120 ವೋಲ್ಟಿನವು ಇರುತ್ತವೆ. 50 ಹರ್ಟ್ಸ್, 60 ಹರ್ಟ್ಸ್ ಎಂಬ ವ್ಯತ್ಯಾಸಕ್ಕೆ ಈ ಕಾರ್ಬನ್ ಬ್ರಶ್‌ನ ಮೋಟಾರ್ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ, ಆದರೆ 120ರ ಮೋಟಾರಿಗೆ ನಮ್ಮ 230 ಕೊಟ್ಟರೆ ಕೆಲವೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಪ್ಲೇಟಿನಲ್ಲಿ ವ್ಯಾಟ್ ಕೂಡ ನೋಡು. 1400 ವ್ಯಾಟ್ ಎಂದಿದ್ದರೆ ಅದು 6 ಆಂಪಿಯರಿಗೂ ಒಂದಿಷ್ಟು ಹೆಚ್ಚು ಎಳೆಯುತ್ತದೆ. ಮನೆಯ ಚಿಕ್ಕ 6 ಆಂಪಿಯರಿನ ಪ್ಲಗ್ ಅದಕ್ಕೆ ಸಾಲದು. 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು. ಹಿಂದಿನವ ಚಿಕ್ಕ ಪ್ಲಗ್ ಹಾಕಿದ್ದರೆ ಅದರ ಪಿನ್ನಿನ ಬುಡದ ಪ್ಲಾಸ್ಟಿಕ್ ಕಂದಾಗಿರುತ್ತದೆ, ನೋಡು.

ಅದೇ ಪ್ಲೇಟಿನಲ್ಲಿ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದೆಯೋ ಹುಡುಕು. ಇದ್ದರೆ ಅದು ಡಬಲ್ ಇನ್ಸುಲೇಶನ್ ಇರುವ ಯಂತ್ರ. ಅದಕ್ಕೆ ಎರಡೇ ತಂತಿ, ಅರ್ಥ್ ಬೇಡ. ಆ ಗುರುತಿಲ್ಲದೆ ಡ್ರಮ್ಮು ಸ್ಟೀಲಿನದಾಗಿದ್ದರೆ ಮೂರನೆಯ ತಂತಿ ಇರಲೇಬೇಕು. ಪ್ಲಗ್ಗಿನ ದಪ್ಪ ಪಿನ್ನಿಗೂ ಡ್ರಮ್ಮಿನ ಪೇಂಟ್ ಕೆರೆದ ಜಾಗಕ್ಕೂ ಮಲ್ಟಿಮೀಟರ್ ಹಿಡಿದು, ಮೀಟರಿನ ತಂತಿಗಳದ್ದೇ ಓಮ್ ಎಷ್ಟೆಂದು ನೋಡಿ ಕಳೆದುಕೋ. ಉಳಿದದ್ದು ಅರ್ಧ ಓಮಿಗಿಂತ ಕಡಿಮೆ ಇರಬೇಕು. ಇಎಲ್‌ಸಿಬಿ ಪದೇ ಪದೇ ಬೀಳುತ್ತದೆಂದು ಕೆಲವರು ಅರ್ಥ್ ತಂತಿಯನ್ನೇ ಕತ್ತರಿಸಿಬಿಡುತ್ತಾರೆ. ಆಮೇಲೆ ಅದು ಬೀಳುವುದು ನಿಲ್ಲುತ್ತದೆ ನಿಜ. ಸೋರುವ ಕರೆಂಟು ಮಾತ್ರ ಸ್ಟೀಲ್ ಡ್ರಮ್ಮಿನಲ್ಲಿ ಕಾಯುತ್ತಿರುತ್ತದೆ, ಮಳೆಗಾಲದ ಒದ್ದೆ ನೆಲದಲ್ಲಿ ಯಾರಾದರೂ ಬಂದು ಮುಟ್ಟಲಿ ಎಂದು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಕತ್ತರಿಸಿದ ಅರ್ಥ್ ಕಂಡರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ಸರಿಮಾಡು.

ಬಿಚ್ಚುವಾಗ ಪ್ಲಗ್ ನಿನ್ನ ಕಣ್ಣೆದುರೇ ಇರಲಿ. ಬೋರ್ಡಿನ ಸ್ವಿಚ್ ಆಫ್ ಮಾಡಿದೆ ಎಂಬುದು ಸಾಲದು. ಗಾಲಾದಲ್ಲಿ ಇನ್ನೊಬ್ಬ ಬಂದು ಒತ್ತಿಬಿಡಬಹುದು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೋ. ಒಳಗೆ ಚಿಕ್ಕ ಪೆಟ್ಟಿಗೆಯಂಥ ಕೆಪಾಸಿಟರ್ ಇದ್ದರೆ ಅದರ ಎರಡು ತುದಿಗೆ ಮೀಟರನ್ನು ವೋಲ್ಟಿನಲ್ಲಿಟ್ಟು ನೋಡಿ, ಚಾರ್ಜ್ ಉಳಿದಿಲ್ಲ ಎಂದು ಗೊತ್ತಾದ ಮೇಲೆ ಕೈ ಹಾಕು.

ಇನ್ನು ಕೇಬಲ್. ಯಂತ್ರವನ್ನು ಕೇಬಲ್ ಹಿಡಿದೇ ಎಳೆದಾಡುವುದು ಎಲ್ಲ ವರ್ಕ್‌ಶಾಪಿನಲ್ಲೂ ಉಂಟು. ಹಾಗಾಗಿ ತಾಮ್ರ ತುಂಡಾಗುವುದು ಎರಡೇ ಜಾಗದಲ್ಲಿ, ಪ್ಲಗ್ಗಿನ ಕುತ್ತಿಗೆಯಲ್ಲಿ ಮತ್ತು ಕೇಬಲ್ ಯಂತ್ರದೊಳಗೆ ಹೋಗುವ ರಬ್ಬರಿನಲ್ಲಿ. ಹೊರಗಿನ ಪಿವಿಸಿ ಚೆನ್ನಾಗಿಯೇ ಕಾಣುತ್ತದೆ. ಮೀಟರನ್ನು ಕಂಟಿನ್ಯುಟಿಯಲ್ಲಿಟ್ಟು ಒಂದೊಂದೇ ತಂತಿಗೆ ಬೀಪ್ ಬರಿಸಿ, ಆ ಎರಡು ಜಾಗವನ್ನು ಬೆರಳಿನಲ್ಲಿ ಬಗ್ಗಿಸು, ತಿರುಚು. ಬೀಪ್ ತುಂಡು ತುಂಡಾದರೆ ಕಳ್ಳ ಅಲ್ಲೇ. ಅಲ್ಲಿಂದ ಒಂದು ಗೇಣು ಕತ್ತರಿಸಿ ಎಸೆದು, ಉಳಿದದ್ದನ್ನು ಹೊಸದಾಗಿ ಕೂರಿಸು. ನಡುವೆ ಜಾಯಿಂಟ್ ಹಾಕಬೇಡ. ಕೇಬಲ್ ಒಟ್ಟಾರೆ ಗಡುಸಾಗಿ ಬಿರುಕು ಬಿಟ್ಟಿದ್ದರೆ ಲೋಹಾರ್ ಚಾಳಿಗೆ ಹೋಗಿ 1.5 ಚದರ ಮಿಲಿಮೀಟರಿನ ಐಎಸ್‌ಐ ಗುರುತಿನ ಮೂರು ಕೋರ್ (ಡಬಲ್ ಇನ್ಸುಲೇಶನ್‌ನದಾದರೆ ಎರಡು ಕೋರ್) ಫ್ಲೆಕ್ಸಿಬಲ್ ತಾ. ಒಳಗೆ ಕೇಬಲನ್ನು ಬಿಗಿಹಿಡಿಯುವ ಪಟ್ಟಿ ಇರುತ್ತದೆ. ಹಿಂದಿನವರು ಅದನ್ನು ಕಳೆದುಹಾಕಿರುತ್ತಾರೆ. ಅದಿಲ್ಲದಿದ್ದರೆ ಪ್ರತಿ ಎಳೆತವೂ ನೇರವಾಗಿ ಲಗ್‌ಗೆ ಹೋಗುತ್ತದೆ.

ಎಕ್ಸ್‌ಟೆನ್ಶನ್ ಬೋರ್ಡಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 0.75 ಚದರ ಮಿಲಿಮೀಟರಿನ ತಂತಿ 30 ಮೀಟರ್ ಎಳೆದು 6 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು 8 ವೋಲ್ಟ್ ಕಳೆದುಹೋಗುತ್ತದೆ, 50 ವ್ಯಾಟ್ ಶಾಖವಾಗುತ್ತದೆ. ತಂತಿ ಬಿಡಿಸಿಟ್ಟಿದ್ದರೆ ಗಾಳಿಗೆ ಆರುತ್ತದೆ. ಸುರುಳಿ ಸುತ್ತಿಯೇ ಇಟ್ಟರೆ, ಅದರ ಮೇಲೆ ಮರದ ಹೊಟ್ಟೂ ಬಿದ್ದಿದ್ದರೆ, ಮುಂದಿನದನ್ನು ನಾನು ಹೇಳಬೇಕಿಲ್ಲ.

ಸ್ವಿಚ್ಚಿನ ಹತ್ತಿರ ಬಾ. ವಿಕ್ರೋಳಿಯ ಪೂರ್ವಕ್ಕೆ ಥಾಣೆ ಖಾಡಿ, ಅದರ ದಡಕ್ಕೆ ಮ್ಯಾಂಗ್ರೋವ್ ಕಾಡು. ಆ ಉಪ್ಪುಗಾಳಿಗೆ ಇಲ್ಲಿನ ಹಿತ್ತಾಳೆಯ ಲಗ್ಗುಗಳು ಬೇಗ ಹಸಿರುಗಟ್ಟುತ್ತವೆ. ಸಡಿಲ ಲಗ್ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನಷ್ಟು ಸಡಿಲವಾಗುತ್ತದೆ, ಕೊನೆಗೆ ಸ್ವಿಚ್ಚಿನ ಪ್ಲಾಸ್ಟಿಕ್ ಕರಗುತ್ತದೆ. ಸ್ವಿಚ್ಚನ್ನು ಹತ್ತಾರು ಸಲ ಒತ್ತುತ್ತಾ ಓಮ್ ನೋಡು. ಪ್ರತಿ ಸಲವೂ ಸೊನ್ನೆಯ ಹತ್ತಿರವೇ ಬರಬೇಕು. ಒಮ್ಮೆ ಸೊನ್ನೆ, ಒಮ್ಮೆ ಇಪ್ಪತ್ತು ಬಂದರೆ ಅದನ್ನು ತೊಳೆದು ಉಪಯೋಗವಿಲ್ಲ, ಬದಲಿಸು. ಹೊಸ ಲಗ್ಗನ್ನು ಪಕ್ಕಡಿನಲ್ಲಿ ಚಪ್ಪಟೆ ಮಾಡಬೇಡ, ಕ್ರಿಂಪಿಂಗ್ ಟೂಲಿನಲ್ಲೇ ಒತ್ತು.

ಈಗ ಕಾಲು ಗಂಟೆಗೆ ನಿಲ್ಲುವ ವಿಷಯ. ಮೋಟಾರಿನ ಮೈಗೆ ಅಂಟಿಕೊಂಡಂತೆ, ಬಟ್ಟೆಯ ಸ್ಲೀವಿನೊಳಗೆ, ಚಿಕ್ಕದೊಂದು ಥರ್ಮಲ್ ಕಟ್‌ಔಟ್ ಇರುತ್ತದೆ. ಮೋಟಾರ್ ಅತಿಯಾಗಿ ಬಿಸಿಯಾದಾಗ ಅದು ಕರೆಂಟ್ ಬಿಡಿಸುತ್ತದೆ, ಆರಿದ ಮೇಲೆ ತಾನೇ ಕೂಡಿಸುತ್ತದೆ. ನಿನ್ನದು ನಿಂತು, ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಓಡುತ್ತದೆ ಎಂದೆಯಲ್ಲ? ಹಾಗಾದರೆ ಆ ಭಾಗ ಇನ್ನೂ ಜೀವಂತವಾಗಿದೆ, ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ‘ಅದನ್ನು ಶಾರ್ಟ್ ಮಾಡಿಬಿಡು’ ಎಂದು ಯಾರು ಸಲಹೆ ಕೊಟ್ಟರೂ ಕೇಳಬೇಡ. ಬಿಸಿ ಏಕಾಗುತ್ತಿದೆ ಎಂದು ಹುಡುಕು.

ಇಲ್ಲಿ ಯಂತ್ರದ ಜಾತಿ ತಿಳಿದಿರಬೇಕು. ಮನೆಬಳಕೆಯ ಒಣ ಧೂಳಿನ ಯಂತ್ರದಲ್ಲಿ ಎಳೆದ ಗಾಳಿಯೇ ಮೋಟಾರಿನ ಮೂಲಕ ಹಾದು ಅದನ್ನು ತಣ್ಣಗಿಡುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ತಂಪು ನಿಂತುಹೋಯಿತು. ಆಗ ಮೋಟಾರಿನ ಸದ್ದು ಏರುತ್ತದೆ. ‘ಜೋರಾಗಿ ಎಳೆಯುತ್ತಿದೆ’ ಎಂದು ಜನ ತಿಳಿಯುತ್ತಾರೆ, ನಿಜಕ್ಕೂ ಫ್ಯಾನಿಗೆ ತಳ್ಳಲು ಗಾಳಿಯಿಲ್ಲದೆ ಅದು ಬರಿದೇ ವೇಗವಾಗಿ ತಿರುಗುತ್ತಿರುತ್ತದೆ. ನೀರು, ಧೂಳು ಎರಡನ್ನೂ ಎಳೆಯುವ ವರ್ಕ್‌ಶಾಪ್ ಯಂತ್ರದಲ್ಲಿ ಹಾಗಲ್ಲ. ಮೋಟಾರಿನ ನೆತ್ತಿಯಲ್ಲಿ ಬೇರೆಯೇ ಒಂದು ಚಿಕ್ಕ ಫ್ಯಾನು, ಅದಕ್ಕೆ ಬೇರೆಯೇ ಕಿಂಡಿಗಳು. ನಿನ್ನ ಗಾಲಾದ ಗಾಳಿಯಲ್ಲಿ ತೇಲುವ ನುಣುಪು ಎಂಡಿಎಫ್ ಧೂಳು ಆ ಕಿಂಡಿಗಳನ್ನೇ ಮುಚ್ಚುತ್ತದೆ. ಒಳಗಿನ ಫಿಲ್ಟರ್ ಎಷ್ಟು ತೊಳೆದರೂ ಮೋಟಾರ್ ಕಾದೇ ಕಾಯುತ್ತದೆ. ಮೇಲಿನ ಮುಚ್ಚಳ ತೆಗೆದು ಬ್ರಶ್ಶಿನಿಂದ, ಬ್ಲೋವರಿನಿಂದ ಆ ಕಿಂಡಿಗಳನ್ನು ಸ್ವಚ್ಛ ಮಾಡು, ಈ ಕೆಲಸ ಬಾಗಿಲ ಹೊರಗೆ ಮಾಡು, ಮುಖ ಮುಚ್ಚಿಕೋ. ನಿನ್ನ ಮೊದಲ ದೂರು ಬಹುಪಾಲು ಇಷ್ಟಕ್ಕೇ ಮುಗಿಯುತ್ತದೆ ಎಂದು ನನ್ನ ಅಂದಾಜು. ಮುಗಿಯದಿದ್ದರೆ ಬೇರಿಂಗ್ ನೋಡು. ಶಾಫ್ಟನ್ನು ಕೈಯಲ್ಲಿ ತಿರುಗಿಸಿದಾಗ ಗರಗರ ಎಂದರೆ, ಅಥವಾ ಅಡ್ಡಡ್ಡ ಅಲುಗಿದರೆ, ಬೇರಿಂಗಿನ ಮೈಮೇಲಿನ ನಂಬರ್ ಬರೆದುಕೊಂಡು ನಾಗದೇವಿ ಸ್ಟ್ರೀಟಿಗೆ ಹೋಗು. ಕಾರ್ಬನ್ ಸವೆದು ಕಿಡಿ ಹಾರುತ್ತಿದ್ದರೂ ಮೋಟಾರ್ ಕಾಯುತ್ತದೆ.

ಕಾರ್ಬನ್ ವಿಷಯದಲ್ಲಿ ಮಾರಿದವನ ಮಾತು ಅಷ್ಟರಮಟ್ಟಿಗೆ ನಿಜ. ಎರಡೂ ಬ್ರಶ್ ಹೊರತೆಗೆ. ಯಾವುದು ಯಾವ ಕಡೆಯದು, ಯಾವ ಮುಖ ಮೇಲಿತ್ತು ಎಂದು ಗುರುತು ಹಾಕು. ಕಮ್ಯುಟೇಟರಿಗೆ ತಾಗುವ ಮುಖ ಹೊಳೆಯುತ್ತಾ ಬಾಗಿರಬೇಕು. ತುದಿ ಒಡೆದಿದ್ದರೆ, ಉದ್ದ 7-8 ಮಿಲಿಮೀಟರಿಗೆ ಇಳಿದಿದ್ದರೆ, ಸ್ಪ್ರಿಂಗ್ ಬಣ್ಣಗೆಟ್ಟು ಮೆತ್ತಗಾಗಿದ್ದರೆ ಜೋಡಿಯನ್ನೇ ಬದಲಿಸು, ಒಂದನ್ನು ಮಾತ್ರ ಅಲ್ಲ. ಕಮ್ಯುಟೇಟರ್ ಕಪ್ಪಾಗಿದ್ದರೆ ನಯವಾದ ಗ್ಲಾಸ್ ಪೇಪರಿನಿಂದ ಹಗುರವಾಗಿ ಉಜ್ಜು. ಎಮರಿ ಪೇಪರ್ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಸಿಕ್ಕಿಕೊಂಡು ಶಾರ್ಟ್ ಮಾಡಬಹುದು. ಎಲ್ಲ ಪಟ್ಟಿಗಳೂ ಒಂದೇ ಬಣ್ಣ ಇದ್ದರೆ ಒಳ್ಳೆಯದು. ಅಕ್ಕಪಕ್ಕದ ಒಂದೆರಡು ಮಾತ್ರ ಸುಟ್ಟು ಕರ್ರಗಿದ್ದರೆ ಅಲ್ಲಿಗೆ ಸೇರಿದ ಆರ್ಮೇಚರ್ ಕಾಯಿಲ್ ಕಡಿದಿದೆ. ಪಕ್ಕಪಕ್ಕದ ಪಟ್ಟಿಗಳ ನಡುವೆ ಓಮ್ ನೋಡುತ್ತಾ ಪೂರ್ತಿ ಒಂದು ಸುತ್ತು ಬಾ. ಒಂದೇ ಅಂಕಿ ಬರುತ್ತಾ ಬಂದು ಒಂದು ಕಡೆ ಎದ್ದು ಬಿದ್ದರೆ ಗೊತ್ತಾಯಿತಲ್ಲ. ಅಂಥ ಆರ್ಮೇಚರನ್ನು ರಿವೈಂಡಿಂಗಿಗೆ ಕೊಡಬೇಕೇ ಎಂದು ನೀನು ಕೇಳುತ್ತೀ. ನೀರಿನ ಪಂಪಿನದಾದರೆ ಕೊಡು ಎನ್ನುತ್ತಿದ್ದೆ. ಇದು ನಿಮಿಷಕ್ಕೆ 20,000 ಸುತ್ತು ದಾಟಿ ಓಡುವ ಮೋಟಾರ್, ತೂಕ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಹೊಸ ಬೇರಿಂಗ್ ತಿಂದುಹಾಕುತ್ತದೆ. ಬ್ಯಾಲೆನ್ಸ್ ಮಾಡಿಕೊಡುವ ಅಂಗಡಿ ಸಿಗದಿದ್ದರೆ ಇಡೀ ಮೋಟಾರನ್ನೇ ಹೊಸದು ಹಾಕುವುದು ಲೇಸು.

ಇಎಲ್‌ಸಿಬಿ ಬೀಳುವುದು ಇದಕ್ಕಿಂತ ಗಂಭೀರ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸು ಬರದೆ, 30 ಮಿಲಿಆಂಪಿಯರಿನಷ್ಟು ಬೇರೆ ದಾರಿ ಹಿಡಿದರೂ ಅದು ಬೀಳುತ್ತದೆ. ಆ ಬೇರೆ ದಾರಿ ನಿನ್ನ ಮೈಯೂ ಆಗಬಹುದಿತ್ತು. ಯಾವಾಗ ಬೀಳುತ್ತದೆ ಎಂದು ನೆನಪು ಮಾಡಿಕೋ. ಯಂತ್ರದ ಸ್ವಿಚ್ ಆಫ್ ಇದ್ದು ಪ್ಲಗ್ ಹಾಕಿದ ಕೂಡಲೇ ಬಿದ್ದರೆ ತಪ್ಪು ಸ್ವಿಚ್ಚಿನ ಹಿಂದೆ, ಅಂದರೆ ಕೇಬಲಿನಲ್ಲಿ ಅಥವಾ ಬುಡದ ಕೆಪಾಸಿಟರಿನಲ್ಲಿ. ಆನ್ ಒತ್ತಿದಾಗ ಬಿದ್ದರೆ ಮೋಟಾರಿನ ಕಡೆ. ಆದರೆ ಸ್ವಿಚ್ಚು ಒಂದೇ ತಂತಿ ಕತ್ತರಿಸುವಂಥದಾಗಿದ್ದು, ಹಿಂದಿನವ ಪ್ಲಗ್ಗಿನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲು ಮಾಡಿದ್ದರೆ, ಸ್ವಿಚ್ ಆಫ್ ಇದ್ದಾಗಲೂ ಮೋಟಾರಿಗೆ ಫೇಸ್ ಹೋಗುತ್ತಿರುತ್ತದೆ. ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹಾಗಾಗಿ ಬಣ್ಣ ನೋಡು. ಹಳೆಯದರಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಈಗಿನದರಲ್ಲಿ ಕಂದು, ನೀಲಿ, ಹಸಿರು-ಹಳದಿ. ಬಣ್ಣವನ್ನೂ ನಂಬದೆ ಮೀಟರಿನಲ್ಲಿ ಖಚಿತ ಮಾಡಿಕೋ.

ಓಡಿ ಬಿಸಿಯಾದ ಮೇಲೆ, ಅಥವಾ ಜುಲೈ-ಆಗಸ್ಟಿನ ಮಳೆಯಲ್ಲಿ ಮಾತ್ರ ಬೀಳುವುದಾದರೆ ಮಲ್ಟಿಮೀಟರ್ ನಿನಗೆ ಏನೂ ತೋರಿಸದು, ಅದು ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಬೇಕು. ಒಳ್ಳೆಯ ವೈರ್‌ಮನ್ ಯಾರ ಬಳಿಯಾದರೂ ಇರುತ್ತದೆ, ಒಂದು ದಿನಕ್ಕೆ ಕೇಳು. ಸ್ಪೀಡ್ ಕಂಟ್ರೋಲಿನ ಎಲೆಕ್ಟ್ರಾನಿಕ್ ಕಾರ್ಡ್ ಇದ್ದರೆ ಮೊದಲು ಬಿಡಿಸಿಡು, ಆ ವೋಲ್ಟಿಗೆ ಅದು ಕೆಡಬಹುದು. ಫೇಸ್, ನ್ಯೂಟ್ರಲ್ ಎರಡನ್ನೂ ಕೂಡಿಸಿ, ಯಂತ್ರದ ಸ್ವಿಚ್ ಆನ್ ಇಟ್ಟು, ಅವಕ್ಕೂ ಲೋಹದ ಮೈಗೂ ನಡುವೆ ಮೆಗ್ಗರ್ ಹಾಕು. 1 ಮೆಗಾಓಮಿಗಿಂತ ಕೆಳಗೆ ಬಂದರೆ ಓಡಿಸಲೇಬಾರದು. ಡಬಲ್ ಇನ್ಸುಲೇಶನ್‌ನದಾದರೆ ಅದಕ್ಕೂ ಎಷ್ಟೋ ಮೇಲಿರಬೇಕು. ಬಹಳ ಸಲ ಇದಕ್ಕೆ ಕಾರಣ ಬ್ರಶ್ ಸವೆದು ಉದುರಿದ ಕಾರ್ಬನ್ ಪುಡಿ, ಅದಕ್ಕೆ ಸೇರಿದ ತೇವ. ಅದನ್ನೆಲ್ಲ ಒಣ ಬ್ರಶ್ಶಿನಿಂದ ತೆಗೆದು, ಬಿಸಿಲಿನಲ್ಲಿಟ್ಟು ಚೆನ್ನಾಗಿ ಒಣಗಿಸಿ ಮತ್ತೆ ಮೆಗ್ಗರ್ ಹಾಕು. ಅಂಕಿ ಏರಿದರೆ ಬದುಕಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತಲ್ಲ, ಅದಾದ ಮೇಲೆ ನೀರು ಕುಡಿದ ಮೋಟಾರುಗಳನ್ನು ನಾವು ಹೀಗೆಯೇ ಒಣಗಿಸಿ ಒಂದೊಂದಾಗಿ ಪರೀಕ್ಷಿಸಿದ್ದೆವು. ಕೆಲವು ಎದ್ದವು. ಏಳದವನ್ನು ‘ಸ್ವಲ್ಪ ದಿನ ನಡೆಯಲಿ’ ಎಂದು ಯಾರೂ ಕೂಡಿಸಲಿಲ್ಲ.

ಫೇಸ್-ನ್ಯೂಟ್ರಲ್ ನಡುವಿನ ಕೆಪಾಸಿಟರ್ ಬದಲಿಸಬೇಕಾಗಿ ಬಂದರೆ ಲ್ಯಾಮಿಂಗ್ಟನ್ ರೋಡಿನಲ್ಲಿ ‘ಎಕ್ಸ್2’ ಎಂದು ಅಚ್ಚಾಗಿರುವ, 275 ವೋಲ್ಟ್ ಎಸಿಯದ್ದನ್ನೇ ಕೇಳು. ಕೆಟ್ಟಾಗ ಬೆಂಕಿ ಹತ್ತದ ಹಾಗೆ ಮಾಡಿರುವ ಜಾತಿ ಅದು. ಅಂಗಡಿಯವ ‘ಇದೂ ಅದೇ’ ಎಂದು ಬೇರೆ ಕೊಟ್ಟರೆ ಬೇಡ ಎನ್ನು.

ಪೈಪಿನ ಚುರುಕಿನ ಬಗ್ಗೆ ನೀನು ಹೆಚ್ಚು ಹೆದರಿದ್ದೀ, ಅದೇ ಈ ಮೂರರಲ್ಲಿ ಸಣ್ಣದು. ಒಣ ಧೂಳು ಪ್ಲಾಸ್ಟಿಕ್ ಪೈಪಿನೊಳಗೆ ಉಜ್ಜಿಕೊಂಡು ಹೋಗುವಾಗ ಹುಟ್ಟುವ ಸ್ಟ್ಯಾಟಿಕ್ ಅದು. ಚಟ್ಟೆಂದು ಒಮ್ಮೆ ಹೊಡೆದು ನಿಲ್ಲುತ್ತದೆ, ಚಳಿಗಾಲದ ಒಣಹವೆಯಲ್ಲಿ ಹೆಚ್ಚು, ಮಳೆಗಾಲದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆಂಟಿಸ್ಟ್ಯಾಟಿಕ್ ಪೈಪ್ ಹಾಕಿದರೆ ಹೋಗುತ್ತದೆ. ಜುಮ್ಮೆಂದು ಬಿಡದೆ ಹಿಡಿದ ಹಾಗಾದರೆ, ಅಥವಾ ಡ್ರಮ್ಮು ಮುಟ್ಟಿದಾಗ ಹಾಗಾದರೆ ಅದು ಮೇನ್ಸ್ ಕರೆಂಟು; ಮೇಲೆ ಹೇಳಿದ ಅರ್ಥ್, ಮೆಗ್ಗರ್ ಎರಡಕ್ಕೂ ಮತ್ತೆ ಹೋಗು. ಜೇಬಿನ ನಿಯಾನ್ ಟೆಸ್ಟರನ್ನು ಮಾತ್ರ ಇಲ್ಲಿ ಸಾಕ್ಷಿ ಕೇಳಬೇಡ. ಹಾನಿಯಿಲ್ಲದ ಸೋರಿಕೆಗೂ ಅದು ಮಿನುಗುತ್ತದೆ. ಸಾಕೆಟ್ಟಿನ ನ್ಯೂಟ್ರಲ್ ಕಡಿದು ಎರಡೂ ತೂತಿನಲ್ಲಿ ಬೆಳಗಿದಾಗ ಹುಡುಗರು ‘ಎರಡು ಫೇಸ್ ಬಂದಿದೆ’ ಎಂದು ಗಾಬರಿಯಾಗುತ್ತಾರೆ.

ಎಲ್ಲ ಕೂಡಿಸಿದ ಮೇಲೆ ನೇರವಾಗಿ ಬೋರ್ಡಿಗೆ ಹಾಕಬೇಡ, ಮೊದಲು 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬಿನ ಸೀರೀಸಿನಲ್ಲಿ ಹಾಕು. ಎಲ್‌ಇಡಿ ನಡೆಯದು. ಬಲ್ಬ್ ಹತ್ತದೇ ಇದ್ದರೆ ಎಲ್ಲೋ ತಂತಿ ಕಡಿದಿದೆ. ಪೂರ್ತಿ ಬೆಳಗಿದರೆ ‘ಶಾರ್ಟ್’ ಎಂದು ತೀರ್ಮಾನಿಸಿ ಮೋಟಾರ್ ಎಸೆಯುವವರನ್ನು ನಾನು ಕಂಡಿದ್ದೇನೆ; ಆ ಅವಸರ ಬೇಡ. ನಿಂತ ಮೋಟಾರಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಹತ್ತು ಓಮಿನೊಳಗೇ ಇರುತ್ತದೆ, ಬಲ್ಬಿನದು 500ಕ್ಕೂ ಮೇಲೆ. ಹಾಗಾಗಿ ಒಳ್ಳೆಯ ಮೋಟಾರಿನಲ್ಲೂ ಬಲ್ಬ್ ಹೆಚ್ಚುಕಡಿಮೆ ಪೂರ್ತಿಯೇ ಬೆಳಗುತ್ತದೆ. ಆಗ ಶಾಫ್ಟ್ ನೋಡು. ಮೆಲ್ಲಗೆ ತಿರುಗಲು ಹೊರಟರೆ ಜೀವ ಉಂಟು. ಆಮೇಲೆ ಬಲ್ಬಿನ ಬದಲು 500 ವ್ಯಾಟಿನ ಹ್ಯಾಲೋಜನ್ ಹಾಕಿ ಹತ್ತು-ಹದಿನೈದು ನಿಮಿಷ ಓಡಿಸು, ಹೊಸ ಕಾರ್ಬನ್ ಕಮ್ಯುಟೇಟರಿನ ಬಾಗಿಗೆ ಕೂತುಕೊಳ್ಳುತ್ತದೆ. ಕೊನೆಗೆ ಇಎಲ್‌ಸಿಬಿ ಇರುವ ಬೋರ್ಡಿನಲ್ಲಿ ನೇರ ಹಾಕಿ, ಅರ್ಧ ಗಂಟೆ ನಿಜವಾದ ಕೆಲಸ ಮಾಡಿಸಿ, ಪ್ಲಗ್ ತೆಗೆದು ಅದರ ಪಿನ್ನು, ಕೇಬಲಿನ ಬುಡ ಮುಟ್ಟಿ ನೋಡು. ಬೆಚ್ಚಗಿದ್ದರೆ ಸರಿ. ಮುಟ್ಟಲಾಗದಷ್ಟು ಸುಟ್ಟರೆ ಅಲ್ಲಿನ ಸ್ಕ್ರೂ ಮತ್ತೆ ಬಿಗಿಮಾಡು. ಒಂದು ಮಾತು ನೆನಪಿರಲಿ, ಗ್ರೈಂಡರಿನ ಕಿಡಿ ಹಾರುವ ಜಾಗದಲ್ಲಿ ಇದನ್ನು ಹಚ್ಚಬೇಡ. ಮರದ ಹೊಟ್ಟು ತುಂಬಿದ ಡ್ರಮ್ಮಿನೊಳಗೆ ಒಂದು ಕಿಡಿ ಹೋದರೆ ರಾತ್ರಿ ನೀನು ಬೀಗ ಹಾಕಿ ಹೋದ ಮೇಲೆ ಹೊತ್ತಿಕೊಳ್ಳುತ್ತದೆ.

ಒಣಗಿಸಿದರೂ ಮೆಗ್ಗರ್ ಏರದೇ ಹೋದರೆ ಮನಸ್ಸು ಗಟ್ಟಿ ಮಾಡಿ ಮೋಟಾರ್ ಬಿಟ್ಟುಬಿಡು. ಡ್ರಮ್ಮು, ಚಕ್ರ, ಪೈಪು ನಿನಗೆ ಹೊಸ ಮೋಟಾರಿನೊಂದಿಗೂ ಬರುತ್ತವೆ. ಕೆಟ್ಟದ್ದನ್ನು ಭಂಗಾರದವನಿಗೆ ಕೊಡುವಾಗ ಅದರ ತಂತಿಗಳನ್ನು ಬುಡದಲ್ಲೇ ಕತ್ತರಿಸಿ, ಕಮ್ಯುಟೇಟರಿಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು ಕೊಡು. ತಾಮ್ರದ ತೂಕಕ್ಕೆ ಹೇಗೂ ಹಣ ಬರುತ್ತದೆ. ಹಾಗೆಯೇ ಕೊಟ್ಟರೆ ಒರೆಸಿ, ಪ್ಲಗ್ ಸಿಕ್ಕಿಸಿ, ಮುಂದಿನ ವಾರ ಇನ್ನೊಬ್ಬ ಹುಡುಗನಿಗೆ ಮಾರುತ್ತಾರೆ. ಮೆಗ್ಗರ್ ಸಿಗದಿದ್ದರೆ ಶನಿವಾರ ಸಂಜೆ ಕನ್ನಡ ಸಂಘಕ್ಕೆ ಬಾ, ಅಲ್ಲಿಗೆ ಬರುವ ವೈರ್‌ಮನ್‌ಗಳಲ್ಲಿ ಒಬ್ಬರ ಹತ್ತಿರ ಕೊಡಿಸುತ್ತೇನೆ.